ಹವ್ಯಾಸದ ಗುಂಪೊಂದು ಊರಿನ ಮಕ್ಕಳ ಸಂಸ್ಥೆಗೆ ಸಹಾಯ ಮಾಡುವುದಾದರೆ ಯಾವುದನ್ನು ಆರಿಸಬೇಕು, ಹೇಗೆ?

ನೀವು ಕೇಳಿದ್ದು ಇಷ್ಟು: ಚಿತ್ರದುರ್ಗದಲ್ಲಿ ನಿಮ್ಮದೊಂದು ಚಾರಣದ ಗುಂಪಿದೆ, ವರ್ಷಕ್ಕೊಮ್ಮೆ ಒಂದಷ್ಟು ದುಡ್ಡು ಕೂಡುತ್ತದೆ, ಅದನ್ನು ಊರಿನಲ್ಲೇ ಮಕ್ಕಳಿಗಾಗಿ ಕೆಲಸ ಮಾಡುವ ಯಾವುದಾದರೂ ಸಂಸ್ಥೆಗೆ ಕೊಡಬೇಕು, ಆದರೆ ಯಾವುದಕ್ಕೆ ಅನ್ನುವುದರಲ್ಲೇ ಜಗಳ. ನಾನು ದಾವಣಗೆರೆಯ ಒಂದು ಸೈಕಲ್ ಕ್ಲಬ್ಬಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನು. ಆ ಜಗಳ ನಮ್ಮಲ್ಲೂ ತಪ್ಪಿದ್ದಲ್ಲ. ನಾವು ಮಾಡುವ ರೀತಿ ಹೇಳುತ್ತೇನೆ, ನಿಮಗೆ ಹೊಂದುವುದನ್ನು ತಗೊಳ್ಳಿ.

ಮೊದಲು ದುಡ್ಡಿನ ಮಾತು ಬಿಡಿ. ನಿಮ್ಮೂರಿನ ಮಂಡಿ ಸಾಹುಕಾರರೊಬ್ಬರು ಮನಸ್ಸು ಮಾಡಿದರೆ ನಿಮ್ಮ ಇಡೀ ವರ್ಷದ ವಂತಿಗೆಯನ್ನು ಒಂದೇ ಚೆಕ್ಕಿನಲ್ಲಿ ಬರೆದು ಕೊಟ್ಟಾರು. ನಿಮ್ಮ ಗುಂಪಿಗೆ ಚೆನ್ನಾಗಿ ಬರುವ ಕೆಲಸ ಯಾವುದು, ಅದು ಯಾವ ಮಕ್ಕಳಿಗೆ ವರ್ಷಪೂರ್ತಿ ಬೇಕು? ಆಯ್ಕೆ ಅಲ್ಲಿಂದ ಶುರುವಾದರೆ ಅರ್ಧ ಜಗಳ ತಾನಾಗೇ ಮುಗಿಯುತ್ತದೆ.

ನಮಗೆ ಬರುವುದು ಸೈಕಲ್ ರಿಪೇರಿ. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು, ನೆನಪಿರಬೇಕಲ್ವಾ? ಕೋವಿಡ್ ಬಂದ ಮೇಲೆ ಅದು ನಿಂತುಹೋಯಿತು. ಆ ಹಳೆಯ ಸೈಕಲ್‌ಗಳು ಇವತ್ತಿಗೂ ಹಳ್ಳಿ ಮನೆಗಳ ಹಿತ್ತಲಲ್ಲಿ, ದನದ ಕೊಟ್ಟಿಗೆಯ ಗೋಡೆಗೆ ಒರಗಿಕೊಂಡು ಬಿದ್ದಿವೆ. ಅಕ್ಕ ಓಡಿಸಿ ಬಿಟ್ಟ ಸೈಕಲ್ಲು ತಮ್ಮ ಹೈಸ್ಕೂಲಿಗೆ ಬರುವ ಹೊತ್ತಿಗೆ ತುಕ್ಕು ಹಿಡಿದು ಕೂತಿರುತ್ತದೆ, ಹುಡುಗ ಬಸ್ಸಿಗೆ ಕಾಯುತ್ತಾನೆ. ಭಾನುವಾರ ಬೆಳಿಗ್ಗೆ ಕೊಂಡಜ್ಜಿ ಕಡೆ ಒಂದು ಸುತ್ತು ಹೋಗಿ ಬಂದವರು ಯಾವುದಾದರೊಂದು ಸರ್ಕಾರಿ ಹೈಸ್ಕೂಲಿನ ಅಂಗಳದಲ್ಲಿ ಕೂತು ಇವನ್ನು ಬಿಚ್ಚುತ್ತೇವೆ. ಟೈರು, ಟ್ಯೂಬು, ಬ್ರೇಕ್ ರಬ್ಬರು ಕ್ಲಬ್ಬಿನ ಖರ್ಚು. ಕಷ್ಟ ಕೊಡುವುದು ಪೆಡಲಿನ ಕೋಲನ್ನು ನಡುವಿನ ಅಚ್ಚಿಗೆ ಬಿಗಿಯುವ ಕಾಟರ್ ಪಿನ್ನು. ವರ್ಷಗಟ್ಟಲೆ ಮಳೆಯಲ್ಲಿ ನೆಂದ ಪಿನ್ನು ಸುಮ್ನೆ ಹೊಡೆದರೆ ಬರುವುದಿಲ್ಲ, ಡೀಸೆಲ್ ಬಿಟ್ಟು, ಅಷ್ಟರಲ್ಲಿ ಹಿಂದಿನ ಚಕ್ರದ ಕೆಲಸ ಮುಗಿಸಿಕೊಂಡು, ಆಮೇಲೆ ಸುತ್ತಿಗೆ ಹಿಡಿಯಬೇಕು. ಲಕ್ಷ ರೂಪಾಯಿ ಸೈಕಲ್ ಓಡಿಸುವ ನಮ್ಮ ಸದಸ್ಯರಿಗೆ ಇದನ್ನು ಕಲಿಸಿದ್ದು ಪಂಕ್ಚರ್ ಅಂಗಡಿಯ ಒಬ್ಬರು ಹಿರಿಯರು. ಮಕ್ಕಳೂ ಪಕ್ಕದಲ್ಲೇ ಕೂತು ಕಲಿಯುತ್ತಾರೆ, ಮುಂದಿನ ಸಲ ಪಂಕ್ಚರ್ರನ್ನು ಅವರೇ ಹಾಕಿಕೊಳ್ಳುತ್ತಾರೆ.

ಸಂಸ್ಥೆ ಅಂದ ತಕ್ಷಣ ಎಲ್ಲರಿಗೂ ಅನಾಥಾಶ್ರಮವೇ ಕಣ್ಣಿಗೆ ಬರುತ್ತದೆ. ಅಂಥ ಕಡೆಗೇ ಕೊಡುವುದಾದರೆ ಕಾಗದ ನೋಡದೆ ಕೊಡಬೇಡಿ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳನ್ನು ಇಟ್ಟುಕೊಳ್ಳುವ ಪ್ರತಿ ಸಂಸ್ಥೆಯೂ ನೋಂದಣಿ ಮಾಡಿಸಿರಲೇಬೇಕು. ಸರ್ಕಾರದ್ದಿರಲಿ, ಮಠದ್ದಿರಲಿ, ಚರ್ಚಿನದಿರಲಿ, ಅನುದಾನ ಬರಲಿ ಬಿಡಲಿ. ನೋಂದಣಿ ಐದು ವರ್ಷಕ್ಕೆ, ಆಮೇಲೆ ನವೀಕರಿಸಬೇಕು. ಇಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ 1 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ನಿಮ್ಮ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೆಲಸದ ದಿನ ಹೋಗಿ ಕೇಳಿ, ನೋಂದಾಯಿತ ಸಂಸ್ಥೆಗಳು ಯಾವುವು ಅಂತ ಹೇಳುತ್ತಾರೆ. ಪ್ರಮಾಣಪತ್ರ ತೋರಿಸಿ ಅಂದಾಗ "ನಮ್ಮ ಮೇಲೇ ಅನುಮಾನವಾ?" ಅಂತ ಮುನಿಸಿಕೊಳ್ಳುವ ಕಡೆಗೆ ನಾವು ಮತ್ತೆ ಹೋಗುವುದಿಲ್ಲ. ಸರಿಯಾಗಿ ನಡೆಸುವವರು ಅದನ್ನು ಫ್ರೇಮ್ ಹಾಕಿಸಿ ಆಫೀಸಿನ ಗೋಡೆಗೇ ನೇತುಹಾಕಿರುತ್ತಾರೆ. ಅಲ್ಲಿ ಏನಾದರೂ ಸರಿಯಿಲ್ಲ ಅನ್ನಿಸಿದರೆ, ಮಗುವಿಗೆ ಹೊಡೆಯುವುದೋ ದುಡಿಸಿಕೊಳ್ಳುವುದೋ ಕಂಡರೆ, ಗುಂಪಿನಲ್ಲಿ ಚರ್ಚೆ ಮಾಡುತ್ತಾ ಕೂರಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಒಂದು ವಿಷಯ ಜನ ಮರೆಯುತ್ತಾರೆ. ಅದೇ ಕಾಯ್ದೆಯೇ ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ ಆಗಿರಬೇಕು ಅನ್ನುತ್ತದೆ. ಅಪ್ಪ ತೀರಿಕೊಂಡು ಅಮ್ಮ ಕೂಲಿ ಮಾಡುವ ಮನೆಯ ಮಗುವಿಗೆ ಬೇಕಾದದ್ದು ಆಶ್ರಮವಲ್ಲ, ಮನೆಯಲ್ಲೇ ಇದ್ದು ಓದುವುದಕ್ಕೆ ಒಂದಿಷ್ಟು ಆಸರೆ. ಇದಕ್ಕೇ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣೆಯ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಅಂತ ಒಂದು ನೆರವು ಇದೆ, ತಿಂಗಳಿಗೆ 4,000 ರೂಪಾಯಿ. ಎಷ್ಟೋ ತಾಯಂದಿರಿಗೆ ಹೀಗೊಂದು ಇದೆ ಅಂತಲೇ ಗೊತ್ತಿಲ್ಲ. ಗೊತ್ತಿದ್ದರೂ ಆದಾಯ ಪ್ರಮಾಣಪತ್ರ, ಮರಣ ಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಅಂತ ನಾಡಕಚೇರಿಗೆ ಅಲೆದರೆ ಅವತ್ತಿನ ಕೂಲಿ ಹೋಯಿತು. ನಮ್ಮಲ್ಲಿ ನಿವೃತ್ತ ಗುಮಾಸ್ತರೊಬ್ಬರಿದ್ದಾರೆ, ಸೈಕಲ್ ಮೇಲೆ ಜೋರಿಲ್ಲ, ಎಲ್ಲರಿಗಿಂತ ಹಿಂದೆ ಬರುವವರು. ಅರ್ಜಿ ತುಂಬಿಸುವುದರಲ್ಲಿ ಮಾತ್ರ ಅವರ ಮುಂದೆ ಯಾರೂ ಇಲ್ಲ. ನನ್ನ ಪ್ರಕಾರ ನಮ್ಮ ಕ್ಲಬ್ಬಿನಿಂದ ಆಗುವ ಅತಿ ದೊಡ್ಡ ಕೆಲಸ ಅವರದ್ದು, ಖರ್ಚು ಜೆರಾಕ್ಸಿನದ್ದು ಮಾತ್ರ.

ಇನ್ನು ಏನು ಕೊಡಬೇಕು? ಇದನ್ನು ನೀವು ತೀರ್ಮಾನ ಮಾಡಬೇಡಿ, ವಾರ್ಡನ್‌ರನ್ನು ಕೇಳಿ. ಹುಟ್ಟುಹಬ್ಬ, ಪುಣ್ಯತಿಥಿ, ಆಗಸ್ಟ್ 15 ಅಂತ ಬರುವವರೆಲ್ಲ ತರುವುದು ಕೇಕು, ಸಿಹಿ, ಬಿಸ್ಕತ್ತು. ಒಂದೇ ಭಾನುವಾರ ಇಬ್ಬರು ಊಟ ತಂದುಬಿಟ್ಟರೆ ಮಕ್ಕಳು ಎರಡನ್ನೂ ತಿನ್ನಬೇಕು, ಕ್ಯಾಮೆರಾಗೆ ನಗಬೇಕು. ನಾವು ಹೋಗುವ ಹೆಣ್ಣುಮಕ್ಕಳ ಹಾಸ್ಟೆಲಿನ ಮೇಡಂ ನೇರವಾಗಿ ಹೇಳಿಬಿಟ್ಟರು: "ಸರ್, ಸ್ವೀಟ್ ಬೇಡ, ಬಕೆಟ್ ಕೊಡಿಸಿ. ಮೂರು ಜನಕ್ಕೆ ಒಂದು ಬಕೆಟ್ ಆದರೆ ಬೆಳಿಗ್ಗೆ ಸ್ಕೂಲಿಗೆ ಲೇಟಾಗುತ್ತೆ." ಅವರು ಕೊಟ್ಟ ಪಟ್ಟಿಯಲ್ಲಿ ಇದ್ದದ್ದು ಬಕೆಟ್ಟು, ಹೇನಿನ ಔಷಧಿ, ಸ್ಯಾನಿಟರಿ ಪ್ಯಾಡು, ಒಳಉಡುಪು, ಎರಡು ಟ್ಯೂಬ್‌ಲೈಟು, ಅಳತೆ ಬರೆದ ಚಪ್ಪಲಿ. ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದರೆ ಇಂಥ ಪಟ್ಟಿಗೆ ಹೃದಯದ ಚಿಹ್ನೆ ಕಮ್ಮಿ ಬೀಳುತ್ತದೆ, ಇರಲಿ. ನೋಟ್‌ಬುಕ್ಕಿನ ಕಾಲ ಮೇ ಕೊನೆ ಮತ್ತು ಜೂನ್, ಡಿಸೆಂಬರ್ ಅಲ್ಲ.

ಫೋಟೋ ವಿಷಯದಲ್ಲಿ ಹುಷಾರು. ಪಾಲನಾ ಸಂಸ್ಥೆಯಲ್ಲಿರುವ ಮಗುವಿನ ಹೆಸರು, ಮುಖ, ಶಾಲೆ ಹೀಗೆ ಗುರುತು ಸಿಗುವ ಯಾವುದನ್ನೂ ಬಹಿರಂಗ ಮಾಡುವಂತಿಲ್ಲ. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್, ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಕಾನೂನು ಹಾಗಿರಲಿ, ನಾಳೆ ಆ ಮಗು ಕಾಲೇಜಿಗೆ ಹೋದಾಗ ಯಾರೋ ಆ ಫೋಟೋ ಹುಡುಕಿ ತೆಗೆದರೆ? ನಮ್ಮಲ್ಲಿ ಸಾಮಾನಿನ ಫೋಟೋ, ಬಿಲ್ಲಿನ ಫೋಟೋ ಅಷ್ಟೇ.

ದುಡ್ಡಿಗೆ ಬರೋಣ. ಒಬ್ಬರ ಫೋನ್‌ಪೇಗೆ ಎಲ್ಲರೂ ಹಾಕುವುದು ಸುಲಭ, ಆದರೆ ಆರು ತಿಂಗಳಿಗೆ ಗೊಣಗಾಟ ಶುರುವಾಗುತ್ತದೆ. ಏಳು ಜನ ಸೇರಿದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಸಂಘ ಮಾಡಿಕೊಂಡು, ಅದರ ಹೆಸರಲ್ಲೇ ಖಾತೆ ತೆಗೆಯಬಹುದು. ನಗದು ಕೊಡುವ ಬದಲು ಅಂಗಡಿಗೆ ನೇರ ಪಾವತಿ ಮಾಡಿ ಬಿಲ್ಲನ್ನು ಸಂಸ್ಥೆಯ ಹೆಸರಿಗೆ ಮಾಡಿಸಿದರೆ ಇನ್ನೂ ಒಳ್ಳೆಯದು. ತೆರಿಗೆ ವಿನಾಯಿತಿ ಕೇಳುವ ಸದಸ್ಯರು ಇದ್ದೇ ಇರುತ್ತಾರೆ, ಅವರಿಗೆ ಮೊದಲೇ ಹೇಳಿಬಿಡಿ: 80ಜಿ, ಅಂದರೆ ದಾನಕ್ಕೆ ಸಿಗುವ ತೆರಿಗೆ ವಿನಾಯಿತಿ, ಸಿಗುವುದು ಸಂಸ್ಥೆಗೆ ಆ ಅನುಮೋದನೆ ಇದ್ದರೆ, ಕೊಡುವವರು ಹಳೆಯ ತೆರಿಗೆ ಪದ್ಧತಿಯಲ್ಲಿ ಇದ್ದರೆ, ನಗದು 2,000 ರೂಪಾಯಿ ದಾಟದಿದ್ದರೆ. ಅಕ್ಕಿ, ಬೆಡ್‌ಶೀಟು ಕೊಟ್ಟರೆ ಸಿಗುವುದಿಲ್ಲ.

ಕಿಸೆ ಖಾಲಿ ಇರುವ ಕಾಲೇಜು ಹುಡುಗರು ನಿಮ್ಮಲ್ಲೂ ಇರಬಹುದು. ಅವರು ರಕ್ತ ಕೊಡಲಿ. ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ಥಲಸ್ಸೇಮಿಯಾ ಇರುವ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸುತ್ತಲೇ ಇರಬೇಕು, ಬೇಸಿಗೆ ರಜೆಯಲ್ಲಿ ಕಾಲೇಜುಗಳ ಶಿಬಿರ ನಿಂತಾಗ ಆ ಮನೆಯವರ ಓಡಾಟ ನೋಡಲಾಗುವುದಿಲ್ಲ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಎಲ್ಲರೂ ಒಂದೇ ದಿನ ಕೊಡದೆ ಸರದಿ ಮಾಡಿಕೊಳ್ಳಿ. ರಕ್ತದ ಇನ್ನೊಂದು ಕಾಯಿಲೆ ಹಿಮೋಫಿಲಿಯಾ, ಗಾಯವಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಅದಕ್ಕಾಗಿ ದುಡಿಯುವ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇರುವುದು ನಮ್ಮ ದಾವಣಗೆರೆಯಲ್ಲೇ. ಊರಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ, ಬೆಣ್ಣೆದೋಸೆ ಹೋಟೆಲ್ಲಿನ ದಾರಿ ಮಾತ್ರ ಗೊತ್ತು.

ಜಗಳ ಬಿಡಿಸಲು ನಮ್ಮ ನಿಯಮಗಳು ಸಣ್ಣವು. ಹೆಸರು ಸೂಚಿಸಿದವರು ಅಲ್ಲಿಗೆ ಮುಂಚೆ ಹೇಳದೆ ಒಮ್ಮೆ ಹೋಗಿ ಬಂದಿರಬೇಕು. ಆಡಳಿತ ಮಂಡಳಿಯಲ್ಲಿ ನೆಂಟರಿದ್ದರೆ ಅವರಿಗೆ ವೋಟಿಲ್ಲ. ಜಾತಿ, ಮಠ, ಪಕ್ಷದ ಮಾತು ಬಂದರೆ ಸಭೆ ಅಲ್ಲಿಗೇ ಬಂದ್, ಟೀ ಕುಡಿದು ಮನೆಗೆ. ಆರಿಸಿದ ಮೇಲೆ ಮೂರು ವರ್ಷ ಬದಲಾಯಿಸುವಂತಿಲ್ಲ. ವರ್ಷಕ್ಕೊಂದು ಹೊಸ ಜಾಗ ಅಂದರೆ ಎಲ್ಲ ಕಡೆಯೂ ಬ್ಯಾನರು ಕಟ್ಟಿದ್ದೇ ಬಂತು, ಒಂದು ಮಗುವಿನ ಹೆಸರೂ ನೆನಪಿರುವುದಿಲ್ಲ.

ನಿಮ್ಮದು ಚಾರಣದ ಗುಂಪು ಅಲ್ವಾ? ನಾನಾಗಿದ್ದರೆ ಊರಿನ ಹಾಸ್ಟೆಲ್ ಮಕ್ಕಳನ್ನೇ ಹಿಡಿಯುತ್ತಿದ್ದೆ. ಕಿಟಕಿ ತೆಗೆದರೆ ಏಳು ಸುತ್ತಿನ ಕೋಟೆ ಕಾಣುತ್ತದೆ, ಹತ್ತಿ ನೋಡಿದ ಮಕ್ಕಳು ಎಷ್ಟಿದ್ದಾರೆ ಕೇಳಿ ನೋಡಿ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಟಿಕೆಟ್ಟೂ ಇಲ್ಲ. ಚಂದ್ರವಳ್ಳಿ, ಜೋಗಿಮಟ್ಟಿ ಹತ್ತಿರದಲ್ಲೇ ಇವೆ. ತಿಂಗಳಿಗೊಂದು ಬೆಳಗ್ಗೆ ಸಾಕು. ಸಂಸ್ಥೆಯ ಲಿಖಿತ ಒಪ್ಪಿಗೆ ಇಲ್ಲದೆ ಮಾತ್ರ ಹೊರಗೆ ಕರೆದುಕೊಂಡು ಹೋಗಬೇಡಿ, ಅವರ ಕಡೆಯವರೊಬ್ಬರು ಜೊತೆಗಿರಲಿ, ಹೆಣ್ಣುಮಕ್ಕಳಿದ್ದರೆ ನಿಮ್ಮ ಗುಂಪಿನ ಹೆಂಗಸರೂ ಬರಲಿ. ಉಳಿದ ದುಡ್ಡಲ್ಲಿ ಆ ಮಕ್ಕಳಿಗೆ ಒಳ್ಳೆಯ ಶೂ ಕೊಡಿಸಿ, ಅಳತೆ ತಗೊಂಡು.