ಡೊಂಬಿವಲಿಯ ಹುಡುಗನಿಗೆ ಶಂಕರ್ ನಾಗ್ ಪರಿಚಯ, ಯಾವುದರಿಂದ ಶುರು?

ಡೊಂಬಿವಲಿಯಲ್ಲಿ ಬೆಳೆದ ಮಗನಿಗೆ ಶಂಕರ್ ನಾಗ್ ಅವರನ್ನು ಯಾವುದರಿಂದ ಪರಿಚಯಿಸಲಿ ಅಂತ ಕೇಳಿದ್ದೀರಿ. ಅವನು 'ಒಂದಾನೊಂದು ಕಾಲದಲ್ಲಿ' ಸಿನಿಮಾವನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದಕ್ಕೆ ಬಹುಶಃ ಭಾಷೆ ಕಾರಣ, ಶಂಕರಣ್ಣ ಅಲ್ಲ. ಹಿಂದಿ, ಮರಾಠಿಯಲ್ಲೇ ಬೆಳೆದವನಿಗೆ ಆ ಸಂಭಾಷಣೆ ತೊಡಕಾಗಿರಬೇಕು.

ಮೊದಲು ಹಿಂದಿಯ 'ಮಾಲ್ಗುಡಿ ಡೇಸ್' ಧಾರಾವಾಹಿ ಹಾಕಿ, ಸ್ವಾಮಿ ಎಂಬ ಹುಡುಗನ ಕಂತುಗಳಿಂದ. ಆಗುಂಬೆಯನ್ನು ಮಾಲ್ಗುಡಿ ಮಾಡಿದ ನಿರ್ದೇಶಕ ಶಂಕರ್ ನಾಗ್ ನಿಮ್ಮ ಮುಂಬೈಯ ಮರಾಠಿ ರಂಗಭೂಮಿಯಲ್ಲಿ ಪಳಗಿದವರು, 1990ರಲ್ಲಿ 35ಕ್ಕೇ ಹೋದರು ಅಂತ ಆಮೇಲೆ ಹೇಳಿ. ಅಷ್ಟು ಚಿಕ್ಕ ಆಯಸ್ಸಿನಲ್ಲಿ ಅಷ್ಟೆಲ್ಲ ಮಾಡಿದರಲ್ಲ, ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ.

ಮುಂದಿನದು 'ಮಿಂಚಿನ ಓಟ' ಸಿನಿಮಾ. ಅನಂತ್, ಶಂಕರ್ ಇಬ್ಬರೂ ಕಾರು ಕಳ್ಳರು. ಮಾತು ತಪ್ಪಿದರೂ ಕತೆ ತಪ್ಪುವುದಿಲ್ಲ. ಆಮೇಲೆ 'ಆಕ್ಸಿಡೆಂಟ್', ನೀವೂ ಪಕ್ಕದಲ್ಲಿ ಕೂತು. ಇಷ್ಟಾದ ಮೇಲೆ, ಅವನೇ ಕೇಳಿದರೆ ಮಾತ್ರ, ಬಿಟ್ಟ ಸಿನಿಮಾಗೆ ಮರಳಿ. ಒತ್ತಾಯ ಬೇಡ.