ಅಪ್ಪ-ಅಮ್ಮನ ಜೊತೆ ಯೆಲ್ಲೋಸ್ಟೋನ್: ಆರ್‌ವಿ ಎಲ್ಲಿ ನಿಲ್ಲಿಸೋದು?

ಪ್ರಶ್ನೆ: ಮುಂದಿನ ವರ್ಷ ಜುಲೈನಲ್ಲಿ ಅಪ್ಪ-ಅಮ್ಮ ಅರಸೀಕೆರೆಯಿಂದ ಬರುತ್ತಾರೆ. ಸಾಲ್ಟ್ ಲೇಕ್ ಸಿಟಿಯಲ್ಲಿ 28 ಅಡಿಯ ಆರ್‌ವಿ (ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಮನೆಯಂಥ ಗಾಡಿ) ಬಾಡಿಗೆಗೆ ತೆಗೆದುಕೊಂಡು ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕಿನಲ್ಲಿ ಐದು ರಾತ್ರಿ ಇರುವ ಯೋಚನೆ. ನಾವಿಬ್ಬರು, ಅವರಿಬ್ಬರು, ಎಂಟು ವರ್ಷದ ಮಗಳು. ಅಪ್ಪನಿಗೆ 71, ರಾತ್ರಿ ಉಸಿರಾಟಕ್ಕೆ ಗಾಳಿ ಒತ್ತುವ, ಕರೆಂಟಿನಲ್ಲಿ ಓಡುವ ಸಿಪ್ಯಾಪ್ ಯಂತ್ರ ಹಾಕಿಕೊಂಡೇ ಮಲಗಬೇಕು. ಅಮ್ಮನಿಗೆ ಸ್ನಾನ, ಪೂಜೆ ಆಗದೆ ಕಾಫಿಯೂ ಇಳಿಯುವುದಿಲ್ಲ. ಗೆಳೆಯರೆಲ್ಲ ಮ್ಯಾಡಿಸನ್ ಕ್ಯಾಂಪ್‌ಗ್ರೌಂಡ್ ಚೆನ್ನಾಗಿದೆ ಅನ್ನುತ್ತಾರೆ. ನಮ್ಮವರು ಪಾರ್ಕಿನ ಹೊರಗೆ, ವೆಸ್ಟ್ ಯೆಲ್ಲೋಸ್ಟೋನ್ ಊರಲ್ಲಿ ಖಾಸಗಿ ಜಾಗ ನೋಡೋಣ ಅನ್ನುತ್ತಾರೆ. ಮಗಳಿಗೆ ಕ್ಯಾಂಪ್‌ಫೈರ್ ಬೇಕೇ ಬೇಕು. ಎಲ್ಲಿ ಬುಕ್ ಮಾಡಲಿ?
— ಓದುಗರು, ಸನ್ನಿವೇಲ್, ಕ್ಯಾಲಿಫೋರ್ನಿಯಾ

ಉತ್ತರ: ನಿಮ್ಮ ಪತ್ರ ಓದುವಾಗ ಸಿಪ್ಯಾಪ್ ಅನ್ನುವ ಪದದ ಹತ್ತಿರ ನಾನು ನಿಂತುಬಿಟ್ಟೆ. ಜಾಗ ಅಲ್ಲಿಂದಲೇ ತೀರ್ಮಾನ ಆಗಬೇಕು. ಹಗಲು ಏನು ನೋಡುತ್ತೀರಿ ಅನ್ನುವುದು ಆಮೇಲಿನ ಮಾತು.

ಮ್ಯಾಡಿಸನ್ ಒಳ್ಳೆಯ ಜಾಗ, ಅದರಲ್ಲಿ ಎರಡು ಮಾತಿಲ್ಲ. ಓಲ್ಡ್ ಫೇತ್‌ಫುಲ್ ಬಿಸಿನೀರಿನ ಬುಗ್ಗೆಗೆ 16 ಮೈಲಿ, ಪಶ್ಚಿಮದ ಗೇಟಿಗೆ 14 ಮೈಲಿ. ಪಕ್ಕದಲ್ಲೇ ಹೊಳೆ. ಆದರೆ ಅಲ್ಲಿ ಗಾಡಿಗೆ ಕರೆಂಟ್ ಇಲ್ಲ, ನೀರಿನ ಪೈಪ್ ಇಲ್ಲ, ಸ್ನಾನದ ಮನೆಯೂ ಇಲ್ಲ. ಜನರೇಟರ್ ಹಾಕಬಹುದು, ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಮಾತ್ರ. ಅಪ್ಪ ಮಲಗುವ ಹೊತ್ತಿಗೆ ಸರಿಯಾಗಿ ಅದು ಬಂದ್ ಆಗಿರಬೇಕು.

ನಮ್ಮ ಮಾವ ಬಂದಿದ್ದಾಗ ನಾವೂ ಮ್ಯಾಡಿಸನ್‌ನಲ್ಲೇ ಇದ್ದೆವು. ಜೂನ್ ತಿಂಗಳು. ಆರ್‌ವಿಯ ಹೀಟರ್ ಉರಿಯುವುದು ಪ್ರೊಪೇನ್ ಗ್ಯಾಸಿನಲ್ಲಿ, ಹಾಗಾಗಿ ಕರೆಂಟಿನ ಚಿಂತೆ ಇಲ್ಲ ಅಂದುಕೊಂಡಿದ್ದೆವು. ಆದರೆ ಬಿಸಿಗಾಳಿಯನ್ನು ಒಳಗೆ ತಳ್ಳುವ ಫ್ಯಾನ್ ಓಡುವುದು ಬ್ಯಾಟರಿಯಲ್ಲಿ. ರಾತ್ರಿ ಮೂರರ ಹೊತ್ತಿಗೆ ಆ ಫ್ಯಾನಿನ ಸದ್ದು ಇಳಿಯುತ್ತಾ ಬಂತು. ಆಮೇಲೆ ಟಿಕ್ ಟಿಕ್ ಅಂದು ನಿಂತೇಹೋಯಿತು. ಕಿಟಕಿ ಗಾಜಿನ ಒಳಗಡೆ ನಮ್ಮ ಉಸಿರೇ ನೀರಾಗಿ ಹರಿಯುತ್ತಿತ್ತು. ಮಾವ ಮಂಕಿ ಟೋಪಿ ಹಾಕಿ, ಶಾಲಿನ ಮೇಲೆ ಎರಡು ರಗ್ಗು ಹೊದ್ದು, ಕೂತೇ ಬೆಳಗು ಮಾಡಿದರು. "ಪರವಾಗಿಲ್ಲಮ್ಮ, ಪರವಾಗಿಲ್ಲ" ಅನ್ನುತ್ತಲೇ ಇದ್ದರು. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ನಿಮ್ಮ ಅಪ್ಪನ ಯಂತ್ರವೂ ಅದೇ ಬ್ಯಾಟರಿಯಲ್ಲಿ ಓಡಬೇಕಲ್ವಾ?

ಆದ್ದರಿಂದ ನನ್ನ ಮಾತು ಕೇಳಿ, ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕ್ ಬುಕ್ ಮಾಡಿ. ಇಡೀ ಯೆಲ್ಲೋಸ್ಟೋನ್ ಒಳಗೆ ಕರೆಂಟ್, ನೀರು, ಕೊಳಚೆ ಪೈಪ್ ಮೂರೂ ಗಾಡಿಗೇ ಸಿಗುವ ಜಾಗ ಅದೊಂದೇ. ಅಲ್ಲಿ ಟೆಂಟ್ ಹಾಕುವಂತಿಲ್ಲ, ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ ಪ್ರವೇಶ. ಕಾರಣ ಕರಡಿ. ಯೆಲ್ಲೋಸ್ಟೋನ್ ಸರೋವರದಿಂದ ನದಿ ಹೊರಡುವ ಜಾಗ ಅದು, ಗ್ರಿಜ್ಲಿ ಕರಡಿಗಳು ಓಡಾಡುವ ನೆಲ. ಹೆಸರು ಫಿಶಿಂಗ್ ಬ್ರಿಡ್ಜ್ ಆದರೂ ಸೇತುವೆ ಮೇಲಿಂದ ಮೀನು ಹಿಡಿಯುವುದನ್ನು 1973ರಲ್ಲೇ ನಿಲ್ಲಿಸಿದ್ದಾರೆ. ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ನೀರಿಗೆ ಇಣುಕಿಸಿ.

ಕೊರತೆ ಇಲ್ಲ ಅನ್ನುವುದಿಲ್ಲ. ಗಾಡಿಗಳು ಒತ್ತೊತ್ತಾಗಿ ನಿಲ್ಲುತ್ತವೆ. ಕ್ಯಾಂಪ್‌ಫೈರ್ ಹಾಕುವಂತಿಲ್ಲ. ಮಗಳಿಗೆ ಇದನ್ನು ಈಗಲೇ ಹೇಳಿಬಿಡಿ. ಅವಳ ಬೆಂಕಿಗೆ ಬೇರೆ ದಾರಿ ಇದೆ, ಮುಂದೆ ಹೇಳುತ್ತೇನೆ.

ಅಮ್ಮನ ವಿಷಯಕ್ಕೆ ಬರೋಣ. ಬಾಡಿಗೆ ಆರ್‌ವಿಗಳಲ್ಲಿ ಬಿಸಿನೀರಿನ ಟ್ಯಾಂಕ್ ಸಾಮಾನ್ಯವಾಗಿ 6 ಗ್ಯಾಲನ್, ಅಂದರೆ 23 ಲೀಟರ್ ಹತ್ತಿರ. ಅದು ಹೆಚ್ಚುಕಮ್ಮಿ ನಮ್ಮ ಕಡೆಯ ಒಂದೂವರೆ ಬಕೆಟ್. ಮೊದಲು ಅಮ್ಮ ಸ್ನಾನ ಮಾಡಲಿ, ಅರ್ಧ ಗಂಟೆ ಬಿಟ್ಟು ಅಪ್ಪ. ನೀವು ಅಲ್ಲೇ ಇರುವ ಸ್ನಾನದ ಮನೆಗೆ ಹೋಗಿ. ಪೂಜೆ ಮಾತ್ರ ಗಾಡಿ ಒಳಗೇ ಆಗಬೇಕು. ನಮ್ಮ ಅತ್ತೆ ಬೆಳಗ್ಗೆ ಸೂರ್ಯನಿಗೆ ಅಂತ ಹೊರಗಿನ ಮೇಜಿನ ಮೇಲೆ ಎರಡು ಬಾಳೆಹಣ್ಣು, ಒಂದು ಹೋಳು ಕಾಯಿ ಇಟ್ಟು ಕೈಮುಗಿದು ಒಳಗೆ ಬಂದರು. ಐದೇ ನಿಮಿಷದಲ್ಲಿ ಅಲ್ಲಿನ ಸಿಬ್ಬಂದಿಯೊಬ್ಬರು ಬಂದು ಬಾಗಿಲು ತಟ್ಟಿದರು. ಕರಡಿ ಒಮ್ಮೆ ಮನುಷ್ಯರ ತಿಂಡಿಯ ರುಚಿ ಕಂಡರೆ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಅದನ್ನು ಕೊಲ್ಲಬೇಕಾಗುತ್ತದೆ ಅಂತ ಸಮಾಧಾನವಾಗಿ ವಿವರಿಸಿದರು. ಅತ್ತೆ ತಟ್ಟೆ ಒಳಗೆ ತಂದವರು ಊರಿಗೆ ಹೋಗುವವರೆಗೂ ಒಂದು ಅಗರಬತ್ತಿ ಪ್ಯಾಕೆಟ್ ಕೂಡ ಹೊರಗೆ ಬಿಡಲಿಲ್ಲ. ಸೋಪು, ಟೂತ್‌ಪೇಸ್ಟ್, ವಾಸನೆ ಬರುವ ಎಲ್ಲವೂ ಒಳಗೇ ಇರಲಿ.

ಕುಕ್ಕರ್ ಮರೆಯಬೇಡಿ. ಫಿಶಿಂಗ್ ಬ್ರಿಡ್ಜ್ ಸುಮಾರು 7,800 ಅಡಿ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಹೆಚ್ಚುಕಮ್ಮಿ ಸಾವಿರದ ಐನೂರು ಅಡಿ ಜಾಸ್ತಿ. ಅಲ್ಲಿ ನೀರು 92 ಡಿಗ್ರಿ ಸುಮಾರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಇಟ್ಟರೆ ಗಂಟೆಗಟ್ಟಲೆ ಕುದಿದರೂ ಬೇಳೆ ಬೇಳೆಯಾಗಿಯೇ ಇರುತ್ತದೆ. ಊರಿನ ಮಿಕ್ಸಿಯನ್ನು ತರಲೇಬೇಡಿ ಅಂತ ಅಮ್ಮನಿಗೆ ಹೇಳಿ, 220 ವೋಲ್ಟಿನದು ಇಲ್ಲಿ ಓಡುವುದಿಲ್ಲ. ಚಟ್ನಿಪುಡಿ, ಗೊಜ್ಜವಲಕ್ಕಿ ಸಾಕು. ಇಷ್ಟು ಎತ್ತರದಲ್ಲಿ ಮಲಗುವ ಬಗ್ಗೆ, ಯಂತ್ರದ ಸೆಟ್ಟಿಂಗ್ ಬಗ್ಗೆ ಅಪ್ಪನ ಡಾಕ್ಟರನ್ನು ಹೊರಡುವ ಮೊದಲೇ ಕೇಳಿ.

ಈಗ ನಿಮ್ಮವರ ಮಾತು. ಅವರು ಹೇಳುವುದರಲ್ಲೂ ಅರ್ಥ ಇದೆ, ಆದರೆ ಐದೂ ರಾತ್ರಿ ಹೊರಗೆ ಬೇಡ. ಜುಲೈನಲ್ಲಿ ಪಶ್ಚಿಮದ ಗೇಟಿನ ಮುಂದೆ ಬೆಳಗ್ಗೆ ಒಂಬತ್ತು-ಹತ್ತರ ಹೊತ್ತಿಗೆ ಕಾರುಗಳ ಸಾಲು ಊರೊಳಗೆ ಬರುತ್ತದೆ. ಒಳಗೆ ಹೋದ ಮೇಲೆ ಕಾಡೆಮ್ಮೆ (ಇಲ್ಲಿನ ಬೈಸನ್) ರಸ್ತೆಗೆ ಬಂದರೆ ಅದು ದಾಟುವವರೆಗೂ ಕಾಯಬೇಕು. ದಿನಾ ಇದೇ ಆದರೆ ಹಿರಿಯರು ಸುಸ್ತಾಗುತ್ತಾರೆ.

ಹೀಗೆ ಮಾಡಿ. ಮೊದಲ ಮೂರು ರಾತ್ರಿ ಫಿಶಿಂಗ್ ಬ್ರಿಡ್ಜ್. ಅಲ್ಲಿಂದ ಕ್ಯಾನ್ಯನ್ 16 ಮೈಲಿ, ದಾರಿಯಲ್ಲೇ ಹೇಡನ್ ವ್ಯಾಲಿ. ಕಾಡೆಮ್ಮೆಗಳ ಹಿಂಡು ನೋಡಲು ಅಪ್ಪ ಗಾಡಿಯಿಂದ ಇಳಿಯಲೂ ಬೇಕಿಲ್ಲ. ಇಳಿದರೆ ಅವುಗಳಿಂದ 25 ಗಜ ದೂರ ಇರಬೇಕು, ಕರಡಿ-ತೋಳದಿಂದ 100 ಗಜ. ನಾಲ್ಕನೇ ದಿನ ಪೈಪ್ ಕಳಚಿ, ಸರೋವರದ ದಂಡೆ ಹಿಡಿದು ವೆಸ್ಟ್ ಥಂಬ್, ಅಲ್ಲಿಂದ ಓಲ್ಡ್ ಫೇತ್‌ಫುಲ್, ಮ್ಯಾಡಿಸನ್, ಕೊನೆಗೆ ವೆಸ್ಟ್ ಯೆಲ್ಲೋಸ್ಟೋನ್. ಒಟ್ಟು 68 ಮೈಲಿ. ಓಲ್ಡ್ ಫೇತ್‌ಫುಲ್‌ನಲ್ಲಿ ಆರ್‌ವಿ ನಿಲ್ಲಿಸಲು ಜಾಗ ಇದೆ. ಬೇಗ ಹೋಗಿ ನಿಲ್ಲಿಸಿ, ಗಾಡಿಯಲ್ಲೇ ಊಟ ಮಾಡಿ. ಬಿಸಿನೀರಿನ ಬುಗ್ಗೆ ಸರಾಸರಿ ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತದೆ. ಒಂದು ತಪ್ಪಿದರೂ ಬೆಂಚಿನ ಮೇಲೆ ಕೂತು ಇನ್ನೊಂದಕ್ಕೆ ಕಾಯಬಹುದು. ಉಳಿದ ಎರಡು ರಾತ್ರಿ ಊರಿನ ಖಾಸಗಿ ಜಾಗದಲ್ಲಿ. ಬುಕ್ ಮಾಡುವಾಗಲೇ ಎರಡು ಪ್ರಶ್ನೆ ಕೇಳಿ: ಕರೆಂಟ್ ಇದೆಯಾ, ಬೆಂಕಿ ಹಾಕಲು ರಿಂಗ್ ಇದೆಯಾ? ಮಗಳ ಕ್ಯಾಂಪ್‌ಫೈರ್ ಅಲ್ಲಿ. ಕೊನೆಯ ಬೆಳಗ್ಗೆ ಅಲ್ಲಿಂದ ಸಾಲ್ಟ್ ಲೇಕ್‌ಗೆ ಸುಮಾರು 320 ಮೈಲಿ.

ಫಿಶಿಂಗ್ ಬ್ರಿಡ್ಜ್ ಬುಕಿಂಗ್ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕ್ ಲಾಡ್ಜಸ್ ಮೂಲಕ. ಸುಮಾರು ಒಂದು ವರ್ಷ ಮೊದಲೇ ತೆರೆಯುತ್ತದೆ, ಜುಲೈ ಬೇಗ ತುಂಬುತ್ತದೆ. ಈಗಲೇ ಕೂತು ನೋಡಿ. ಗಾಡಿಯ ಉದ್ದ ಕೇಳುತ್ತಾರೆ, ಹಿಂದಿನ ಸೈಕಲ್ ರ್‍ಯಾಕ್ ಸೇರಿಸಿ ಸರಿಯಾಗಿ ಹೇಳಿ. ಸಿಗದಿದ್ದರೆ ದಿನಕ್ಕೆರಡು ಸಲ ನೋಡುತ್ತಿರಿ, ರದ್ದಾದ ಜಾಗಗಳು ಬರುತ್ತಲೇ ಇರುತ್ತವೆ. ಕೊನೆಗೂ ಮ್ಯಾಡಿಸನ್ನೇ ಗತಿಯಾದರೆ ಸಿಪ್ಯಾಪ್‌ಗೇ ಅಂತ ಬೇರೆ ಬ್ಯಾಟರಿ ಕೊಳ್ಳಿ. ಅಪ್ಪ ಬಂದ ವಾರವೇ ಮನೆಯಲ್ಲಿ ಒಂದು ರಾತ್ರಿ ಪೂರ್ತಿ ಅದರಲ್ಲೇ ಮಲಗಿ ನೋಡಲಿ.

ಪ್ರಶ್ನೆ: ಒಳಗೆ ಎಲ್ಲೂ ಜಾಗ ಸಿಗದಿದ್ದರೆ ಒಂದು ರಾತ್ರಿ ಯಾವುದಾದರೂ ಪಾರ್ಕಿಂಗಿನಲ್ಲಿ ಆರ್‌ವಿ ನಿಲ್ಲಿಸಿ ಮಲಗಬಹುದಾ?
— ಓದುಗರು, ಡೆನ್ವರ್, ಕೊಲೊರಾಡೊ

ಉತ್ತರ: ಇಲ್ಲ. ಯೆಲ್ಲೋಸ್ಟೋನ್‌ನಲ್ಲಿ ಕ್ಯಾಂಪ್‌ಗ್ರೌಂಡ್ ಬಿಟ್ಟು ಬೇರೆಲ್ಲೂ ಗಾಡಿಯಲ್ಲಿ ರಾತ್ರಿ ಕಳೆಯುವಂತಿಲ್ಲ. ರಸ್ತೆ ಬದಿಯೂ ಇಲ್ಲ, ಪಾರ್ಕಿಂಗೂ ಇಲ್ಲ. ಸುತ್ತಲಿನ ನ್ಯಾಷನಲ್ ಫಾರೆಸ್ಟ್‌ಗಳಲ್ಲಿ ನೋಡಿ. ವೆಸ್ಟ್ ಯೆಲ್ಲೋಸ್ಟೋನ್‌ನಿಂದ 3 ಮೈಲಿ ಉತ್ತರಕ್ಕೆ ಬೇಕರ್ಸ್ ಹೋಲ್ ಅಂತ ಫಾರೆಸ್ಟ್ ಕ್ಯಾಂಪ್‌ಗ್ರೌಂಡ್ ಇದೆ, ಕೆಲವು ಜಾಗಗಳಿಗೆ ಕರೆಂಟೂ ಇದೆ. ನಾನಾದರೆ ಮೊದಲು ಅಲ್ಲಿ ಹುಡುಕುತ್ತೇನೆ.