ಪ್ರೀ ಆರ್ಡರ್ ಮಾಡ್ಲಾ ಅಂತ ಕೇಳಿದ್ದಕ್ಕೆ ನನ್ ಉತ್ತರ, ಸ್ವಲ್ಪ ಉದ್ದ ಆಯ್ತು

ಮಂಡ್ಯದಿಂದ ಕೇಳಿರೋ ತಮ್ಮಂಗೆ. ಮುಂದಿನ ತಿಂಗಳು ಬರೋ ಗೇಮ್ ಟ್ರೈಲರ್ ಬೆಂಕಿ ಇದೆ, ಐದು ಸಾವಿರ ಕೂಡಿಟ್ಟಿದೀನಿ, ಈಗ್ಲೇ ಪ್ರೀ ಆರ್ಡರ್ ಮಾಡ್ಲಾ, ಅಂದ್ರೆ ರಿಲೀಸ್ ಆಗೋಕ್ ಮುಂಚೆನೇ ದುಡ್ಡು ಕಟ್ಲಾ, ಪಿಸಿಲಿರೋ ಗ್ರಾಫಿಕ್ಸ್ ಕಾರ್ಡ್ ಜಿಟಿಎಕ್ಸ್ 1650 ಅಂತ ಕೇಳಿದೀಯ. ಮಾಡ್ಬೇಡ ಗುರು. ಗೇಮ್ ಚೆನ್ನಾಗಿರಲ್ಲ ಅಂತಲ್ಲ, ನಿನ್ ಪಿಸಿಲಿ ಹೆಂಗೆ ಓಡುತ್ತೆ ಅಂತ ಇವತ್ತು ಯಾರಿಗೂ ಗೊತ್ತಿಲ್ಲ, ಅಷ್ಟೆ.

ಸೈಬರ್‌ಪಂಕ್ 2077 ಅನ್ನೋ ಗೇಮ್ ಕಥೆ ನೋಡು. 2012ರಲ್ಲೇ ಅನೌನ್ಸ್ ಮಾಡಿದ್ರು, 2019ರಲ್ಲಿ ಹಾಲಿವುಡ್ ನಟ ಕಿಯಾನು ರೀವ್ಸ್‌ನ ಸ್ಟೇಜ್ ಮೇಲೆ ಕರ್ಕೊಂಡ್ ಬಂದ್ರು, ಡೇಟ್ ಮುಂದಕ್ಕೆ ಹಾಕಿ ಹಾಕಿ 2020 ಡಿಸೆಂಬರ್ 10ಕ್ಕೆ ಬಿಟ್ರು, ಅಷ್ಟೊತ್ತಿಗೆ 80 ಲಕ್ಷ ಪ್ರೀ ಆರ್ಡರ್ ಆಗೋಗಿತ್ತು. ರಿವ್ಯೂಗಳಲ್ಲೂ ಒಳ್ಳೆ ಮಾರ್ಕ್ಸೇ ಬಂದಿತ್ತು. ಆದ್ರೆ ರಿಲೀಸ್‌ಗೆ ಮುಂಚೆ ರಿವ್ಯೂ ಮಾಡೋರಿಗೆ ಕೊಟ್ಟಿದ್ದು ಪಿಸಿ ಕಾಪಿ ಮಾತ್ರ, ಟಿವಿಗೆ ಹಾಕಿ ಆಡೋ ಹಳೇ ಕನ್ಸೋಲ್‌ಗಳಾದ ಪಿಎಸ್4, ಎಕ್ಸ್‌ಬಾಕ್ಸ್ ಒನ್‌ನಲ್ಲಿ ಹಾಕ್ಕೊಂಡೋರಿಗೆ ತಡವರಿಸ್ಕೊಂಡು ಓಡ್ತು, ಕ್ರ್ಯಾಶ್ ಆಯ್ತು, ಸುಮಾರು ಒಂದು ವಾರಕ್ಕೆ ಪಿಎಸ್4 ಮಾಡೋ ಸೋನಿನೇ ತನ್ನ ಸ್ಟೋರಿಂದ ತೆಗೆದುಹಾಕ್ತು, ವಾಪಸ್ ಬಂದಿದ್ದು 2021 ಜೂನ್‌ಗೆ. ರಿವ್ಯೂ ಮಾಡಿದೋರು ಸುಳ್ಳು ಹೇಳಿರ್ಲಿಲ್ಲ, ಅವ್ರು ಆಡಿದ್ ಮೆಷಿನ್ನೇ ಬೇರೆ ಇತ್ತು. ನೀನು ನೋಡ್ತಿರೋ ಟ್ರೈಲರ್‌ದೂ ಹಂಗೇ. ನಿಮ್ ಮಂಡ್ಯದಲ್ಲಿ ಮೇಲಿರೋ ಎರಡು ಅಚ್ಚು ಬೆಲ್ಲ ನೋಡಿ ಇಡೀ ಮೂಟೆಗೆ ರೇಟ್ ಕಟ್ತಾರಾ?

ನಾನು ಸೈಬರ್‌ಪಂಕ್ ಆಡಿದ್ದು 2023 ಸೆಪ್ಟೆಂಬರ್‌ನಲ್ಲಿ 2.0 ಅಪ್‌ಡೇಟ್ ಬಂದ್ಮೇಲೆ, ಸೇಲ್‌ನಲ್ಲಿ ತಗೊಂಡು. ಅದ್ಭುತ ಗೇಮ್, ರಾತ್ರಿ ಮಳೇಲಿ ಆ ಸಿಟಿ ಒಳಗೆ ಸುಮ್ನೆ ಗಾಡಿ ಓಡಿಸ್ತಾನೇ ಎಷ್ಟೋ ಹೊತ್ತು ಕಳೆದಿದೀನಿ. ಕಾದಿದ್ದಕ್ಕೆ ನಂಗೇನೂ ಲಾಸ್ ಆಗ್ಲಿಲ್ಲ. ನೋ ಮ್ಯಾನ್ಸ್ ಸ್ಕೈ ಕೂಡ ಹಂಗೇ, 2016ರಲ್ಲಿ ಬಂದಾಗ ಇಬ್ರು ಆಟಗಾರರು ಒಂದೇ ಗ್ರಹದ ಒಂದೇ ಜಾಗಕ್ಕೆ ಹೋಗಿ ನಿಂತ್ರೂ ಒಬ್ರಿಗೊಬ್ರು ಕಾಣ್ಲಿಲ್ಲ, ಜೊತೆಗೆ ಸೇರಿ ಆಡೋ ಸರಿಯಾದ ಮಲ್ಟಿಪ್ಲೇಯರ್ ಬಂದಿದ್ದು 2018ಕ್ಕೆ, ಅದೂ ಫ್ರೀ ಅಪ್‌ಡೇಟಲ್ಲಿ.

ಹಂಗಂತ ಎಲ್ಲಾ ಗೇಮೂ ಸರಿ ಹೋಗಲ್ಲ. ಆಂಥಮ್‌ನ 2017ರ ಡೆಮೋ ನೋಡಿ ನಾವೆಲ್ಲ ಬಾಯಿ ಬಿಟ್ಕೊಂಡ್ ಕೂತಿದ್ವಿ. 2019ರಲ್ಲಿ ಬಂತು, ಒಳಗೆ ಸರಕಿಲ್ಲ, ರಿಪೇರಿ ಮಾಡ್ತೀವಿ ಅಂದೋರು 2021ರಲ್ಲಿ ಕೈ ಬಿಟ್ರು, 2026 ಜನವರಿ 12ಕ್ಕೆ ಸರ್ವರ್ ಆಫ್. ಆನ್‌ಲೈನ್ ಇಲ್ದೆ ಆಡಕ್ಕಾಗಲ್ವಲ್ಲ, ಡಿಸ್ಕ್ ಇಟ್ಕೊಂಡಿರೋರಿಗೂ ಏನೂ ಉಳೀಲಿಲ್ಲ. ಕಾಂಕರ್ಡ್ ಅನ್ನೋ ಗೇಮ್ ಅಂತೂ 2024 ಆಗಸ್ಟ್ 23ಕ್ಕೆ ಬಂದು ಸೆಪ್ಟೆಂಬರ್ 6ಕ್ಕೆ ಮುಚ್ಚೋಯ್ತು, ದುಡ್ಡು ವಾಪಸ್ ಕೊಟ್ರು ಅನ್ನೋದೊಂದೇ ಸಮಾಧಾನ. ಅದಕ್ಕೆ ಮೊದ್ಲು ನಿನ್ ಗೇಮ್ ಒಬ್ರೇ ಆಫ್‌ಲೈನ್ ಆಡೋಥರದ್ದಾ, ಇಲ್ಲಾ ಸರ್ವರ್ ಬೇಕೇ ಬೇಕಾ ನೋಡ್ಕೋ.

ಇನ್ನು ನಿನ್ ಕಾರ್ಡ್ ವಿಷ್ಯ. 1650ರಲ್ಲಿರೋದು 4 ಜಿಬಿ ಮೆಮೊರಿ, ಸೈಬರ್‌ಪಂಕ್‌ಗೇ ಈಗ ಕನಿಷ್ಠ ಅಂತ ಕೇಳೋದು 6 ಜಿಬಿ ಮೆಮೊರಿ ಇರೋ ಜಿಟಿಎಕ್ಸ್ 1060 ಕಾರ್ಡ್ ಮತ್ತೆ ಎಸ್‌ಎಸ್‌ಡಿ, ಅಂದ್ರೆ ಹಾರ್ಡ್ ಡಿಸ್ಕ್‌ಗಿಂತ ವೇಗದ ಡ್ರೈವ್. ಗೇಮ್ ರಿಲೀಸ್ ಆದ್ಮೇಲೆ ಒಂದು ವಾರ ಬಿಟ್ಟು ಯೂಟ್ಯೂಬಲ್ಲಿ ಗೇಮ್ ಹೆಸರು ಹಾಕಿ ಪಕ್ಕದಲ್ಲಿ 1650 ಅಂತ ಹುಡುಕು, ಇದೇ ಕಾರ್ಡ್ ಇಟ್ಕೊಂಡಿರೋ ಹುಡುಗ್ರು ಬೇಕಾದಷ್ಟು ಜನ ಹಾಕಿರ್ತಾರೆ. ಗುಡ್ಡದ ಮೇಲೆ ಖಾಲಿ ಜಾಗದಲ್ಲಿ ಓಡಾಡೋದಲ್ಲ, ಊರೊಳಗೆ, ಫೈಟ್ ನಡೀವಾಗ ಎಫ್‌ಪಿಎಸ್ (ಸೆಕೆಂಡಿಗೆ ತೋರ್ಸೋ ಫ್ರೇಮ್) ಎಷ್ಟು ಬರುತ್ತೆ ಅದನ್ನ ನೋಡು.

ಆಮೇಲೂ ಮನಸ್ಸಾದ್ರೆ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡೀಲೇ ತಗೋ. ತಗೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ರೆ ರೀಫಂಡ್ ಸಿಗುತ್ತೆ. ಆದ್ರೆ ಗೇಮ್ ಓಪನ್ ಇರೋ ಅಷ್ಟೂ ಹೊತ್ತು ಲೆಕ್ಕಕ್ಕೆ ಬರುತ್ತೆ. ನಾನೊಂದ್ಸಲ ಗೇಮ್ ಓಪನ್ ಮಾಡಿ, ಶೇಡರ್ (ಗ್ರಾಫಿಕ್ಸ್ ಬಿಡಿಸೋ ಪ್ರೋಗ್ರಾಂ) ಲೋಡ್ ಆಗ್ಲಿ ಅಂತ ಹಂಗೇ ಬಿಟ್ಟು ಊಟಕ್ಕೆ ಹೋದೆ, ಬಂದು ಕ್ಯಾರೆಕ್ಟರ್ ಮುಖ ತಿದ್ದುತ್ತಾ ಕೂತೆ, ನಿಜವಾದ ಆಟ ಶುರುವಾಗೋ ಹೊತ್ತಿಗೆ ಎರಡು ಗಂಟೆ ದಾಟಿತ್ತು. ಸ್ಲೈಡ್‌ಶೋ ಥರ ಓಡ್ತಿತ್ತು, ಏನೂ ಮಾಡಕ್ಕಾಗ್ಲಿಲ್ಲ, ಆ ತಿಂಗಳು ಬಹಳ ಬೇಜಾರಾಗಿತ್ತು. ನೀನು ಮುಖ ಗಿಖ ತಿದ್ದೋದು ಆಮೇಲಿಟ್ಕೋ, ಸೀದಾ ಆಟಕ್ಕೆ ಹೋಗಿ ಅರ್ಧ ಗಂಟೆ ನೋಡು.

ನಿನ್ ಪ್ರೊಸೆಸರ್ ಯಾವ್ದು, ರ‍್ಯಾಮ್ ಎಷ್ಟು, ಹಾರ್ಡ್ ಡಿಸ್ಕಾ ಎಸ್‌ಎಸ್‌ಡಿನಾ ಇಲ್ಲೇ ಕೆಳಗೆ ಹಾಕು. ಹಾರ್ಡ್ ಡಿಸ್ಕ್ ಆಗಿದ್ರೆ ಆ ಐದು ಸಾವಿರದಲ್ಲಿ ಮೊದ್ಲು ಏನ್ ತಗೋಬೇಕು ಅಂತ ನಾನೇ ಹೇಳ್ತೀನಿ.